ಕಬ್ಬಿಣದ ಗಂಟಲು

ನಮ್ಮಪ್ಪ ಶ್ರೀನಿವಾಸಪುರದ ಮಾವಿನ ಮಂಡಿಯಲ್ಲಿ ಹರಾಜು ಕೂಗುತ್ತಿದ್ದ. ನಮ್ಮ ಕಡೆ ಮಂಡಿಯ ಕೂಗೆಲ್ಲ ತೆಲುಗಿನಲ್ಲೇ. "ಒಕಟೋಸಾರಿ, ರೆಂಡೋಸಾರಿ" ಎಂದು ಎರಡು ಸಲ ಬೀಸಿ ಕೂಗಿ, ಮೂರನೆಯದಕ್ಕೆ ಮೊದಲು ನಿಂತುಬಿಡುತ್ತಿದ್ದ. ಸುತ್ತ ನಿಂತ ವ್ಯಾಪಾರಿಗಳ ಮುಖಗಳನ್ನು ಒಂದೊಂದಾಗಿ ನೋಡುತ್ತಿದ್ದ. ಯಾರೂ ಬಾಯಿ ಬಿಡದಿದ್ದರೆ "ಮೂಡೋಸಾರಿ" ಎಂದು ಎಳೆದು ಮುಗಿಸಿ ಮುಂದಿನ ರಾಶಿಯತ್ತ ತಿರುಗುತ್ತಿದ್ದ. ಅವನಿಗೆ ಮೈಕು ಬೇಕಿರಲಿಲ್ಲ. ಮಂಡಿಯ ಗೇಟಿನ ಆಚೆ ಎಳನೀರು ಮಾರುವವನಿಗೂ ಯಾವ ರಾಶಿ ಯಾರ ಪಾಲಾಯಿತೆಂದು ತಿಳಿಯುತ್ತಿತ್ತು.

ಊರಿನವರು ಆ ಗಂಟಲನ್ನು ಹೊಗಳುತ್ತಿದ್ದರು. ನನಗೆ ಅದನ್ನು ಕಂಡರೆ ಆಗುತ್ತಿರಲಿಲ್ಲ. ಮನೆಗೆ ಬಂದರೂ ಅವನು ದನಿ ಇಳಿಸುತ್ತಿರಲಿಲ್ಲ. ಸಾರಿಗೆ ಉಪ್ಪು ಜಾಸ್ತಿಯಾದರೆ ಇಡೀ ಬೀದಿಗೆ ಗೊತ್ತಾಗುತ್ತಿತ್ತು. ಅಮ್ಮನ ತವರಿನವರನ್ನು ಬೈದರೆ ಮೂರು ಮನೆಯಾಚೆಯವರು ಮರುದಿನ ಅಮ್ಮನನ್ನು ಸಮಾಧಾನ ಮಾಡಲು ಬರುತ್ತಿದ್ದರು. ಅಮ್ಮನಿಗೆ ಬೈಗುಳಕ್ಕಿಂತ ಆ ಸಮಾಧಾನವೇ ಹೆಚ್ಚು ನೋವು ಕೊಡುತ್ತಿತ್ತು.

ಹತ್ತನೇ ತರಗತಿಯಲ್ಲಿ ನಾನು ಲೆಕ್ಕದಲ್ಲಿ ಫೇಲಾದೆ. ಫಲಿತಾಂಶ ಬಂದ ದಿನ ಅಪ್ಪ ಊಟಕ್ಕೆ ಮನೆಗೆ ಬರಲಿಲ್ಲ. ಅಮ್ಮ ಕ್ಯಾರಿಯರ್ ಕೊಟ್ಟು ನನ್ನನ್ನೇ ಮಂಡಿಗೆ ಕಳಿಸಿದಳು. ಅಪ್ಪ ಕ್ಯಾರಿಯರ್ ತೆಗೆದುಕೊಂಡು ಪಕ್ಕಕ್ಕಿಟ್ಟ. ನನ್ನ ತೋಳು ಹಿಡಿದು ಬಾದಾಮಿ ಮಾವಿನಕಾಯಿಯ ರಾಶಿಯ ಪಕ್ಕ ನಿಲ್ಲಿಸಿದ.

"ಲೆಕ್ಕದಾಗೆ ಫೇಲಾಗಿರೋ ಮಾಲು. ಯಾರಿಗ್ ಬೇಕೋ ಕೂಗ್ರಪ್ಪಾ. ಒಕಟೋಸಾರಿ. ರೆಂಡೋಸಾರಿ."

ಆಮೇಲೆ ನಿಂತು, ಎಂದಿನಂತೆ, ಒಬ್ಬೊಬ್ಬರ ಮುಖ ನೋಡಿದ. ಎಲ್ಲರೂ ನಗುತ್ತಿದ್ದರು. ಮೂರನೆಯದನ್ನು ಕೂಗಿ, ನನ್ನ ತೋಳು ಬಿಟ್ಟು, "ಹೋಗು, ಯಾರೂ ತಗೊಳ್ಳಲಿಲ್ಲ" ಎಂದ. ಅವನಿಗೆ ಅದೊಂದು ತಮಾಷೆ. ಮುಂದೆ ಒಂದು ಸಲ ನಾನು ಅದನ್ನು ನೆನಪಿಸಿದಾಗ ಅವನಿಗೆ ನಿಜವಾಗಿಯೂ ನೆನಪಿರಲಿಲ್ಲ. ನನಗೆ ಅಂದಿನ ಮಾವಿನ ಸೊನೆಯ ವಾಸನೆಯೂ ನೆನಪಿದೆ.

ಅವನ ಗಂಟಲಿಗೆ ರೋಗ ಬಂದದ್ದು ನನಗೆ ಮೂವತ್ತು ದಾಟಿದ ಮೇಲೆ. ಬೀಡಿ ಸೇದುತ್ತಿದ್ದ, ಜೊತೆಗೆ ವರ್ಷಾನುಗಟ್ಟಲೆ ಕೂಗಿದ್ದ. ದನಿ ಮೊದಲು ಒಡೆಯಿತು, ಆಮೇಲೆ ಹೂತುಹೋಯಿತು. ಬೆಂಗಳೂರಿನ ಆಸ್ಪತ್ರೆಯಲ್ಲಿ ಧ್ವನಿಪೆಟ್ಟಿಗೆಯನ್ನೇ ತೆಗೆದರು. ಕುತ್ತಿಗೆಯ ಬುಡದಲ್ಲಿ ಒಂದು ತೂತು ಉಳಿಯಿತು, ಅಲ್ಲಿಂದಲೇ ಉಸಿರು. ಆ ತೂತಿನ ಮೇಲೆ ಅಮ್ಮ ಹಳೆಯ ಪಂಚೆಯಿಂದ ಹೊಲಿದ ಬಿಳಿ ಬಟ್ಟೆಯನ್ನು ಕಟ್ಟುತ್ತಿದ್ದಳು. ಆಸ್ಪತ್ರೆಯ ವಾರಗಳಲ್ಲಿ ಅವನ ಪಕ್ಕ ಇದ್ದವಳು ನಾನೇ. ಕಫ ತೆಗೆದೆ, ಬಟ್ಟೆ ಬದಲಿಸಿದೆ. ಆ ಕೋಣೆ ಎಷ್ಟು ಶಾಂತವಾಗಿತ್ತೆಂದರೆ, ನನಗೆ ಒಳಗೊಳಗೇ ಒಂದು ನೆಮ್ಮದಿಯಾಗಿತ್ತು. ಅದನ್ನು ಯಾರಿಗೂ ಹೇಳಿರಲಿಲ್ಲ. ಈಗ ಬರೆಯುತ್ತಿದ್ದೇನೆ.

ಆರು ತಿಂಗಳಾದ ಮೇಲೆ ಅವನಿಗೆ ಒಂದು ಯಂತ್ರ ಕೊಡಿಸಿದರು. ಟಾರ್ಚಿನಷ್ಟು ಉದ್ದ. ಅದರ ತಲೆಯನ್ನು ಗಂಟಲಿಗೆ ಒತ್ತಿ ಗುಂಡಿ ಅದುಮಿದರೆ ಜುಂಯ್ ಎಂದು ನಡುಗುತ್ತದೆ. ಆ ನಡುಕ ಬಾಯೊಳಗೆ ಹೋಗಿ, ತುಟಿ ನಾಲಿಗೆ ಆಡಿಸಿದಂತೆ ಮಾತಾಗುತ್ತದೆ. ಏರಿಳಿತವಿಲ್ಲದ, ಒಂದೇ ಎತ್ತರದ ಮಾತು. "ಪಾಪ" ಎಂದರೂ "ಬಾಬ" ಎಂದೇ ಕೇಳುತ್ತದೆ. ಮನೆಯಲ್ಲಿ ನಾವು ಅದನ್ನು ಮಿಷನ್ನು ಎನ್ನುತ್ತಿದ್ದೆವು. ಮಿಷನ್ನಿನಲ್ಲಿ ಕೂಗಲು ಆಗುವುದಿಲ್ಲ, ಪಿಸುಗುಡಲೂ ಆಗುವುದಿಲ್ಲ. ಅಪ್ಪ ಬೈದರೂ, ನೀರು ಕೇಳಿದರೂ, ಒಂದೇ ದನಿ. ಆದರೆ ಸಿಟ್ಟು ಬಂದಾಗ ಗುಂಡಿಯನ್ನು ತುಂಡು ತುಂಡಾಗಿ ಒತ್ತುತ್ತಿದ್ದ. ಟಿಕ್ ಎಂದು ಗುಂಡಿಯ ಸದ್ದು, ಜುಂಯ್, ಟಿಕ್, ಮತ್ತೆ ಜುಂಯ್. ಹರಾಜಿನ ಲಯ ಕೈಗೆ ಇಳಿದಿತ್ತು.

ಆ ಹೊತ್ತಿಗೆ ನಾನು ಕೋಲಾರದ ಒಂದು ರೆಕಾರ್ಡಿಂಗ್ ಸ್ಟುಡಿಯೋದಲ್ಲಿ ಏಳೆಂಟು ವರ್ಷದಿಂದ ಕೆಲಸದಲ್ಲಿದ್ದೆ, ಅಲ್ಲೇ ಬಾಡಿಗೆ ಕೋಣೆಯಲ್ಲಿ ಇದ್ದೆ. ಸ್ಟುಡಿಯೋ ಎಂದರೆ ಬಟ್ಟೆ ಅಂಗಡಿಯ ಮೇಲಿನ ಎರಡು ಕೋಣೆ, ಗೋಡೆಗೆ ಸ್ಪಂಜು, ಒಂದು ಗಾಜು. ಭಕ್ತಿಗೀತೆ, ಆಟೋದಲ್ಲಿ ಕೂಗಿಸುವ ಪ್ರಚಾರ, ತೆಲುಗು ಧಾರಾವಾಹಿಗಳಿಗೆ ಕನ್ನಡ ಮಾತು ಕೂರಿಸುವುದು, ಇಂಥವು. ತೆರೆಯ ಮೇಲಿನ ತುಟಿಗೆ ಮಾತು ಹೊಂದಿಸುವುದು ನನ್ನ ಕಸುಬು. ಬೇಕಾದ ಸಣ್ಣಪುಟ್ಟ ಸದ್ದುಗಳನ್ನೂ ನಾನೇ ಮಾಡುತ್ತಿದ್ದೆ. ಅಪ್ಪ ಇದನ್ನು "ಬೀದಿ ಮೈಕಿನ ಕೆಲ್ಸ" ಎನ್ನುತ್ತಿದ್ದ.

ಮೂರು ವರ್ಷದ ಹಿಂದೆ ಒಂದು ಮಕ್ಕಳ ಧಾರಾವಾಹಿಯ ಕೆಲಸ ಬಂತು. ಅದರಲ್ಲಿ ಎರಡು ರೋಬೋಟ್. ಒಂದು ಮಕ್ಕಳ ಗೆಳೆಯ, ಇನ್ನೊಂದು ಮಕ್ಕಳನ್ನು ಅಟ್ಟಾಡಿಸುವ ದುಷ್ಟ. ಚಿತ್ರೀಕರಣ ಬೆಂಗಳೂರಿನಲ್ಲಿ ಮುಗಿದಿತ್ತು. ನಮಗೆ ಬಂದದ್ದು ಬರೀ ಚಿತ್ರ. ಥರ್ಮಾಕೋಲಿಗೆ ಬೆಳ್ಳಿ ಬಣ್ಣ ಬಳಿದು, ಒಳಗೆ ಒಬ್ಬ ಮನುಷ್ಯನನ್ನು ತುಂಬಿ ನಡೆಸಿದ್ದರು. ಸದ್ದಿಲ್ಲದೆ ನೋಡಿದರೆ ನಗು ಬರುತ್ತಿತ್ತು. ಥರ್ಮಾಕೋಲನ್ನು ಕಬ್ಬಿಣ ಮಾಡುವುದು ನನ್ನ ಪಾಲಿನ ಕೆಲಸ.

ಒಳ್ಳೆಯ ರೋಬೋಟ್ ಸುಲಭವಾಗಿ ಆಯಿತು. ಅಮ್ಮನ ಹೊಲಿಗೆ ಯಂತ್ರದ ಚಕ್ರವನ್ನು ಕೈಯಿಂದ ತಿರುಗಿಸಿ ಅದರ ನಡಿಗೆ ಮಾಡಿದೆ. ಮಾವಿನ ಮರಕ್ಕೆ ಔಷಧಿ ಹೊಡೆಯುವ ಸ್ಪ್ರೇಯರಿನ ಹಿಡಿಯನ್ನು ಎಳೆದು ಅದರ ತೋಳು ಮಾಡಿದೆ. ತಲೆ ತಿರುಗಿಸಿದರೆ ಆಟಿಕೆ ಕಾರಿನ ಮೋಟರು. ಖುಷಿಯಾದಾಗ ಶಿಳ್ಳೆ. ಅದಕ್ಕೆ ಮುಖವೇ ಇರಲಿಲ್ಲ, ಎರಡು ದೀಪ ಅಷ್ಟೆ. ಆದರೆ ಶಿಳ್ಳೆಯ ಕೊನೆಯನ್ನು ಸ್ವಲ್ಪ ಮೇಲಕ್ಕೆ ಎತ್ತಿದರೆ ಅದು ನಗುತ್ತಿದೆ ಎಂದು ಕಾಣಿಸುತ್ತಿತ್ತು, ಕೆಳಗೆ ಇಳಿಸಿದರೆ ಅಳುತ್ತಿದೆ ಎಂದು.

ದುಷ್ಟನ ಹೆಜ್ಜೆಗೆ ಮಾಲೂರಿಗೆ ಹೋದೆ. ಅಲ್ಲಿನ ಹೆಂಚಿನ ಕಾರ್ಖಾನೆಯೊಂದರಲ್ಲಿ ಹಸಿ ಮಣ್ಣನ್ನು ಒತ್ತುವ ಹಳೆಯ ಪ್ರೆಸ್ಸು ಇತ್ತು. ಅದು ಧಪ್ ಎಂದು ಕೂತು, ಮೇಲೇಳುವಾಗ ನಿಟ್ಟುಸಿರಿಡುತ್ತಿತ್ತು. ಅರ್ಧ ದಿನ ನಿಂತು ಆ ಸದ್ದನ್ನು ರೆಕಾರ್ಡ್ ಮಾಡಿಕೊಂಡು ಬಂದೆ. ವೇಮಗಲ್‌ನ ಒಂದು ಫ್ಯಾಕ್ಟರಿಯಲ್ಲಿ ನಿಜವಾದ ರೋಬೋಟ್ ಕೈಗಳ ಪಕ್ಕ ಕೆಲಸ ಮಾಡುವ ನನ್ನ ಕ್ಲಾಸ್‌ಮೇಟ್ ಒಬ್ಬಳನ್ನೂ ಕೇಳಿದೆ. "ಅವು ಏನೂ ಸದ್ದು ಮಾಡಲ್ಲ ಕಣೇ. ಗಾಳಿ ಬಿಟ್ಟಂಗೆ ಉಸ್ ಅಂತವೆ. ಪಕ್ಕದಾಗೇ ಬಂದ್ರೂ ಗೊತ್ತಾಗಲ್ಲ, ಅದಕ್ಕೇ ಬೇಲಿ ಹಾಕವ್ರೆ" ಎಂದಳು. ಅದು ನನ್ನ ಕೆಲಸಕ್ಕೆ ಬರಲಿಲ್ಲ. ಟಿವಿಯ ರೋಬೋಟ್ ನಿಜವಾದದ್ದರಂತೆ ಸುಮ್ಮನಿದ್ದರೆ ಯಾವ ಮಗುವೂ ಹೆದರುವುದಿಲ್ಲ.

ಉಳಿದದ್ದು ದುಷ್ಟನ ದನಿ. ಅವನು ಮಾತಾಡುವುದಿಲ್ಲ, ಗದರುತ್ತಾನೆ. ಅರ್ಥವಾಗದ ಯಂತ್ರದ ಭಾಷೆಯಲ್ಲಿ ಬೈಯುತ್ತಾನೆ. ಕಂಪ್ಯೂಟರಿನಲ್ಲಿ ಸಿಗುವ ರೋಬೋಟ್ ದನಿಗಳನ್ನೆಲ್ಲ ಹಾಕಿ ಸ್ಟುಡಿಯೋ ಮಾಲೀಕನಿಗೆ ಕೇಳಿಸಿದೆ. ಅವನು ಕೇಳಿ ಕೇಳಿ ತಲೆಯಾಡಿಸಿದ.

"ಇದು ಲಿಫ್ಟಲ್ಲಿ ಬರೋ ದನಿ. ಇದಕ್ಕೆ ಯಾರಮ್ಮ ಹೆದರ್ತಾರೆ? ಕೋಪ ಇರ್ಬೇಕು. ಮನುಷ್ಯರ ಕೋಪ."

ಮುಂದಿನ ಭಾನುವಾರ ಶ್ರೀನಿವಾಸಪುರದ ಮನೆಗೆ ಹೋದೆ. ಅಡುಗೆಮನೆಯಲ್ಲಿ ಕುಕ್ಕರಿನ ಆವಿಯ ಸದ್ದು ಹಿಡಿಯೋಣವೆಂದು ರೆಕಾರ್ಡರನ್ನು ಒಲೆಕಟ್ಟೆಯ ಮೇಲಿಟ್ಟು ಆನ್ ಮಾಡಿದೆ. ಅಪ್ಪ ಬಾಗಿಲಿಗೆ ಬಂದು ನಿಂತ. ಅವನಿಗೆ ಹಸಿವಾಗಿತ್ತು, ನಾನು ಕುಕ್ಕರನ್ನು ಬೇಕೆಂದೇ ಹೊತ್ತು ಮೀರಿ ಕೂಗಿಸುತ್ತಿದ್ದೆ. ಮಿಷನ್ನನ್ನು ಗಂಟಲಿಗೆ ಒತ್ತಿಕೊಂಡ.

"ಅನ್ನ ಉಣ್ಣೋಕಾ, ಆಟ ಆಡೋಕಾ?"

"ಐದು ನಿಮಿಷ ಇರು" ಎಂದೆ.

ಅಲ್ಲಿಂದ ಶುರುವಾಯಿತು. ನನಗೆ ಗಂಡ ಮನೆ ಎಂದು ಇಲ್ಲದ್ದು, ಓದು ತಲೆಗೆ ಹತ್ತದೇ ಹೋದದ್ದು, ಬೀದಿ ಮೈಕಿನ ಕೆಲಸ, ಎಲ್ಲವೂ ಬಂತು. ಕನ್ನಡದಲ್ಲಿ ಶುರುವಾಗಿ ತೆಲುಗಿಗೆ ಹೊರಳಿತು. ಟಿಕ್, ಜುಂಯ್, ಟಿಕ್, ಜುಂಯ್. ನಾನೂ ಬಿಡಲಿಲ್ಲ, ಎದುರು ಮಾತಾಡಿದೆ. ಕೊನೆಗೆ ಅವನು "ನೋರುಮುಯ್" ಎಂದ. ಬಾಯಿ ಮುಚ್ಚು ಎಂದು. ಅದನ್ನೇ ಮೂರು ಸಲ ಹೇಳಿದ. ಎರಡು ಸಲ ಬೇಗ, ಆಮೇಲೆ ಒಂದು ನಿಲುಗಡೆ, ಮೂರನೆಯದು ಎಳೆದು.

ರೆಕಾರ್ಡರಿನ ಕೆಂಪು ದೀಪ ಉರಿಯುತ್ತಿತ್ತು. ಅದು ನನಗೆ ಮೊದಲಿನಿಂದಲೂ ಗೊತ್ತಿತ್ತು. ಆರಿಸಲು ಕೈ ಚಾಚಿದರೆ ಸಾಕಿತ್ತು, ಚಾಚಲಿಲ್ಲ. ಇನ್ನೂ ನಿಜ ಹೇಳಬೇಕೆಂದರೆ, ದೀಪ ನೋಡಿದ ಮೇಲೆ ನಾನು ಅವನನ್ನು ಇನ್ನಷ್ಟು ಕೆರಳಿಸಿದೆ.

ಸೋಮವಾರ ಕೋಲಾರದಲ್ಲಿ ಕೂತು ಅದನ್ನು ಕತ್ತರಿಸಿದೆ. ಮಾತುಗಳನ್ನು ಹಿಂದುಮುಂದು ಮಾಡಿದೆ, ಪದಗಳ ತಲೆ ಬಾಲ ತೆಗೆದೆ. ಅರ್ಥ ಹೋಯಿತು, ಲಯ ಉಳಿಯಿತು. ಕೆಳಗೆ ಹೆಂಚಿನ ಪ್ರೆಸ್ಸಿನ ಉಸಿರನ್ನು ಸೇರಿಸಿದೆ. ಕೊನೆಯ "ನೋರುಮುಯ್" ಮೂರನ್ನೂ ಮಾತ್ರ ಮುಟ್ಟದೆ ಹಾಗೆಯೇ ಬಿಟ್ಟು, ದುಷ್ಟ ರೋಬೋಟ್ ಮಕ್ಕಳನ್ನು ಗೋಡೆಗೆ ಒತ್ತರಿಸುವ ಜಾಗದಲ್ಲಿ ಇಟ್ಟೆ. ಅಷ್ಟೊಂದು ಸದ್ದಿನ ನಡುವೆ ಅದು ಮಾತೆಂದು ಯಾರಿಗೂ ತಿಳಿಯುತ್ತಿರಲಿಲ್ಲ. ಮಾಲೀಕ ಕೇಳಿ ಕುರ್ಚಿಯಿಂದ ಎದ್ದ.

"ಎಲ್ಲಿತ್ತಮ್ಮ ಇದು?"

"ಮಾಡಿದೆ ಸಾರ್" ಎಂದೆ.

ಧಾರಾವಾಹಿ ಭಾನುವಾರ ಬೆಳಗ್ಗೆ ಬರುತ್ತಿತ್ತು. ಮೂರು ನಾಲ್ಕು ವಾರದಲ್ಲೇ ಮಕ್ಕಳು ಆ ದನಿಯನ್ನು ಕಲಿತುಬಿಟ್ಟರು. ಗಂಟಲಿಗೆ ಬೆರಳು ಒತ್ತಿಕೊಂಡು ಜುಂಯ್ ಎನ್ನುತ್ತಾ ಒಬ್ಬರನ್ನೊಬ್ಬರು ಅಟ್ಟಿಸಿಕೊಂಡು ಹೋಗುವುದನ್ನು ಕೋಲಾರದ ಬಸ್‌ಸ್ಟ್ಯಾಂಡಿನಲ್ಲೇ ನೋಡಿದೆ. ಮುಳಬಾಗಿಲಿನ ಒಂದು ಶಾಲೆಯಿಂದ ಮಾಲೀಕನಿಗೆ ಫೋನ್ ಬಂದಿತ್ತು, ವಾರ್ಷಿಕೋತ್ಸವದ ನಾಟಕಕ್ಕೆ ಆ ಸದ್ದು ಬೇಕಂತೆ. ಅವನು ಕಳಿಸಿಕೊಟ್ಟ. ನನಗೆ ಸಂತೋಷವಾಯಿತು. ಇಡೀ ಜಿಲ್ಲೆಯ ಮಕ್ಕಳು ನಮ್ಮಪ್ಪನನ್ನು ಕಂಡು ಹೆದರಿ ನಗುತ್ತಿದ್ದಾರೆ, ಅವರಿಗೂ ಗೊತ್ತಿಲ್ಲ, ಅವನಿಗೂ ಗೊತ್ತಿಲ್ಲ, ನನಗೆ ಮಾತ್ರ ಗೊತ್ತು ಎನ್ನುವ ಕೆಟ್ಟ ಸಂತೋಷ.

ಶ್ರೀನಿವಾಸಪುರದಲ್ಲಿ ನಮ್ಮ ಪಕ್ಕದ ಮನೆಯ ದರ್ಜಿಯ ಮೊಮ್ಮಗಳು ಎರಡನೇ ತರಗತಿಯಲ್ಲಿ ಇದ್ದಳು. ಒಂದು ದಿನ ಅಪ್ಪ ಜಗುಲಿಯ ಮೇಲೆ ಕೂತು ಹಾಲಿನವನೊಡನೆ ಮಾತಾಡುತ್ತಿದ್ದಾಗ ಅವಳು ಹತ್ತಿರ ಬಂದು ಕೇಳಿದಳಂತೆ, "ತಾತಾ, ನೀವು ಟಿವಿ ರಾಕ್ಷಸನ ಥರಾ ಮಾತಾಡೋಕೆ ಯಾವಾಗ ಕಲಿತ್ರಿ?" ಅಪ್ಪನಿಗೆ ಅರ್ಥವಾಗಲಿಲ್ಲ. ಅವಳು ವಿವರಿಸಿದಳು. ಮುಂದಿನ ಭಾನುವಾರ ಅಪ್ಪ ಟಿವಿಯ ಮುಂದೆ ಕೂತ.

ಅಂದು ಮಧ್ಯಾಹ್ನ ಅಮ್ಮ ಫೋನ್ ಮಾಡಿದಳು.

"ಏನ್ ಮಾಡಿದ್ಯೇ ನೀನು?"

"ಯಾಕಮ್ಮಾ?"

"ನಿಮ್ಮಪ್ಪ ಉಣ್ಣಕ್ ಬರ್ತಿಲ್ಲ. ಟಿವಿ ಆರ್ಸಿ ಅದರ ಮುಂದೇನೇ ಕೂತವ್ರೆ. ಕೇಳಿದ್ರೆ, ಅದು ನನ್ ಬಾಯಿ, ಅಂತಾರೆ. ನಿನ್ನ ಮಗಳನ್ನ ಕೇಳು ಅಂತಾರೆ."

ಅವನು ಗುರುತಿಸಿದ್ದು ದನಿಯಿಂದಲ್ಲ. ಅಂಥ ಮಿಷನ್ನು ಯಾರ ಗಂಟಲಿಗೆ ಒತ್ತಿದರೂ ಹೆಚ್ಚುಕಡಿಮೆ ಅದೇ ದನಿ. ಮೂರನೆಯ ಸಲಕ್ಕೆ ಮೊದಲಿನ ನಿಲುಗಡೆಯಿಂದ ಗುರುತಿಸಿದ. ಅದು ಅವನದು, ಇನ್ನೊಬ್ಬರದಲ್ಲ. ಅಮ್ಮನಿಗೆ ಹೀಗೆಂದು ಅವನೇ ಹೇಳಿದನಂತೆ.

ಸೋಮವಾರ ಹನ್ನೊಂದರ ಹೊತ್ತಿಗೆ ಅಪ್ಪ ಸ್ಟುಡಿಯೋದ ಮೆಟ್ಟಿಲು ಹತ್ತಿ ಬಂದ. ಕೋಲಾರಕ್ಕೆ ಬಸ್ಸಿನಲ್ಲಿ ಒಬ್ಬನೇ ಬಂದಿದ್ದ. ಶಸ್ತ್ರಚಿಕಿತ್ಸೆಯ ಮೇಲೆ ಅವನು ಒಬ್ಬನೇ ಊರು ಬಿಟ್ಟದ್ದು ಅದೇ ಮೊದಲು. ಕತ್ತಿನ ಬಟ್ಟೆ ಬೆವರಿಗೆ ಒದ್ದೆಯಾಗಿತ್ತು, ತೂತಿನಿಂದ ಉಸಿರು ಶಿಳ್ಳೆ ಹಾಕುತ್ತಿತ್ತು. ನಾನು ಗಾಜಿನ ಈಚೆ ಕಂಪ್ಯೂಟರಿನ ಮುಂದೆ ಕೂತಿದ್ದೆ, ಮಾಲೀಕ ಪಕ್ಕದಲ್ಲಿದ್ದ. ಅಪ್ಪ ನನ್ನ ಕಡೆ ನೋಡದೆ ಮಾಲೀಕನ ಮುಂದೆ ಹೋಗಿ ನಿಂತು ಮಿಷನ್ನು ಒತ್ತಿದ.

"ನನ್ ದನಿ ತೆಗೀರಿ."

ಮಾಲೀಕನಿಗೆ ಒಂದು ಕ್ಷಣ ಏನೂ ಹೊಳೆಯಲಿಲ್ಲ. ಆಮೇಲೆ ನನ್ನನ್ನು ನೋಡಿದ, ಅಪ್ಪನನ್ನು ನೋಡಿದ, ಮುಖ ಅರಳಿತು.

"ನೀವಾ ಯಜಮಾನ್ರೇ? ನಾನೇನೋ ಕಂಪ್ಯೂಟ್ರಲ್ಲಿ ಮಾಡವ್ಳೆ ಅಂದ್ಕಂಡಿದ್ದೆ. ಬಂಗಾರದಂಥ ದನಿ ಕಣ್ರೀ. ಒಳಗ್ ಬನ್ನಿ, ಮೈಕ್ ಮುಂದೆ ಕೂತ್ಕಳಿ."

ಅಪ್ಪ ಬೈದ. ನಾನು ಅಂಥ ಬೈಗುಳವನ್ನು ಅವನ ಬಾಯಲ್ಲಿ ಮೊದಲು ಕೇಳಿರಲಿಲ್ಲ. ಮಾಲೀಕನ ತಾಯಿಯಿಂದ ಶುರುಮಾಡಿದ. ಬೈಗುಳವೆಲ್ಲ ಅದೇ ಒಂದೇ ಎತ್ತರದ ಜುಂಯ್‌ನಲ್ಲಿ ಬರುತ್ತಿದ್ದುದರಿಂದ ಮಾಲೀಕನಿಗೆ ಅದು ತಾಗಲೇ ಇಲ್ಲ. ಅವನು ನಗುತ್ತಲೇ ಇದ್ದ. ನಾವಿದ್ದ ಕೋಣೆಯಲ್ಲೂ ಒಂದು ಮೈಕು ಮೇಜಿನ ಮೇಲಿತ್ತು. ಮಾಲೀಕ ಅದನ್ನು ಅಪ್ಪನ ಕಡೆ ಮೆಲ್ಲಗೆ ತಿರುಗಿಸಿ, ತನ್ನ ಬೆನ್ನ ಹಿಂದೆ ಕೈಬೆರಳು ಆಡಿಸಿ ನನಗೆ ಸನ್ನೆ ಮಾಡಿದ. ರೆಕಾರ್ಡ್ ಒತ್ತು ಎಂದು.

ನನ್ನ ಬೆರಳು ಗುಂಡಿಯ ಮೇಲೆ ಹೋಯಿತು. ವರ್ಷಾನುಗಟ್ಟಲೆಯ ಅಭ್ಯಾಸ, ಸನ್ನೆ ಕಂಡರೆ ಬೆರಳು ತಾನೇ ಹೋಗುತ್ತದೆ. ಅಲ್ಲಿ ಹೋಗಿ ನಿಂತಿತು. ಒತ್ತಲಿಲ್ಲ. ಅದೇ ಹೊತ್ತಿಗೆ ಅಪ್ಪ ತಿರುಗಿ ನನ್ನ ಬೆರಳನ್ನು ನೋಡಿದ.

ಮಿಷನ್ನನ್ನು ಗಂಟಲಿನಿಂದ ತೆಗೆದ. ಮಾತು ನಿಂತಿತು. ಅಂಗಿಯ ಜೇಬಿಗೆ ಹಾಕಿಕೊಂಡು ಮೆಟ್ಟಿಲಿಳಿದು ಹೋದ.

ನಾನು ಹಿಂದೆ ಓಡಿದೆ. ಬಟ್ಟೆ ಅಂಗಡಿಯ ಮುಂದೆ ಅವನನ್ನು ಅಡ್ಡಗಟ್ಟಿ, "ನಾನು ಒತ್ತಿಲ್ಲ. ಬೇಕಾದ್ರೆ ಬಂದು ನೋಡು, ಅದರಾಗೆ ಏನೂ ಇಲ್ಲ" ಎಂದೆ. ಅವನು ನನ್ನ ಪಕ್ಕದಿಂದ ದಾಟಿ ಬಸ್‌ಸ್ಟ್ಯಾಂಡಿನ ಕಡೆ ನಡೆದ. ಅಂಗಡಿಯ ಹುಡುಗಿಯರು ನೋಡುತ್ತಿದ್ದರು.

ಮೇಲೆ ಬಂದಾಗ ಮಾಲೀಕ ಸಿಟ್ಟಾಗಿದ್ದ.

"ಸನ್ನೆ ಮಾಡಿದ್ರೂ ಯಾಕ್ ಒತ್ತಲಿಲ್ಲ?"

"ಅವ್ರು ಬ್ಯಾಡ ಅಂದ್ರಲ್ಲ ಸಾರ್."

"ಹಳೇದಿದೆಯಲ್ಲ, ಅದ್ನೇ ಹಿಂದೆ ಮುಂದೆ ಮಾಡ್ಕೊಂಡ್ ಹೋಗು. ಉಳಿದಿರೋ ಎಪಿಸೋಡಿಗೆಲ್ಲ ಸಾಕು. ಅಪ್ಪಂದೇ ತಾನೆ? ಏನ್ ಕೋರ್ಟಿಗ್ ಹೋಗ್ತಾನಾ?"

ನಾನು ಕಂಪ್ಯೂಟರಿನ ಮುಂದೆ ಕೂತು ಆ ಕಡತಗಳನ್ನೆಲ್ಲ ಅವನ ಕಣ್ಣೆದುರೇ ಅಳಿಸಿದೆ. ಇನ್ನೊಂದು ಪ್ರತಿ ಇದ್ದ ಡ್ರೈವನ್ನೂ ಕಂಪ್ಯೂಟರಿಗೆ ಸಿಕ್ಕಿಸಿ ಅಲ್ಲಿಯೂ ಅಳಿಸಿದೆ. ಅವನು ನನ್ನ ಕೈ ಹಿಡಿಯಲು ಬಂದ, ಕೊಡವಿಕೊಂಡೆ. ಅಪ್ಪನ ಮೇಲಿನ ಮರುಕದಿಂದ ಅಳಿಸಿದೆನೆಂದು ಬರೆದರೆ ಸುಳ್ಳಾಗುತ್ತದೆ. ಆ ಕ್ಷಣಕ್ಕೆ ನನಗೆ ಮಾಲೀಕನ ಮೇಲೆ ಅಪ್ಪನಿಗಿಂತ ಹೆಚ್ಚು ಸಿಟ್ಟಿತ್ತು. ನಾನು ಮಾಡಿದ್ದನ್ನೇ ಅವನು ಮಾಡಲು ಹೊರಟಿದ್ದ, ನಗುನಗುತ್ತಾ. ನನ್ನಲ್ಲಾದರೂ ಹಗೆ ಇತ್ತು, ಅವನಿಗೆ ಅದೂ ಇರಲಿಲ್ಲ.

"ನಾಳೆಯಿಂದ ಬರ್ಬೇಡ" ಎಂದ.

"ಬರಲ್ಲ" ಎಂದೆ.

ಪ್ರಸಾರವಾದದ್ದನ್ನು ಯಾರಿಂದಲೂ ಅಳಿಸಲಾಗುವುದಿಲ್ಲ. ಉಳಿದ ಕಂತುಗಳಿಗೆ ಅವರು ಯಾರಿಂದಲೋ ಬೇರೆ ದನಿ ಮಾಡಿಸಿದರು. ಲಿಫ್ಟಿನ ದನಿ. ಮಕ್ಕಳಿಗೆ ವ್ಯತ್ಯಾಸ ತಿಳಿಯಿತೋ ಇಲ್ಲವೋ ಗೊತ್ತಿಲ್ಲ. ಹಳೆಯ ಕಂತುಗಳು ಫೋನಿನಲ್ಲಿ ಈಗಲೂ ಸಿಗುತ್ತವೆ.

ಆ ವರ್ಷದ ಮಾವಿನ ಕಾಲ ಶುರುವಾಯಿತು. ಅಪ್ಪನಿಗೆ ಕೆಲಸವಿಲ್ಲದಿದ್ದರೂ ಬೆಳಗ್ಗೆ ಮಂಡಿಗೆ ಹೋಗಿ ಕಲ್ಲುಬೆಂಚಿನ ಮೇಲೆ ಕೂರುತ್ತಿದ್ದ. ಹಳೆಯ ವ್ಯಾಪಾರಿಗಳು ಮಾತಾಡಿಸುತ್ತಿದ್ದರು. ಅವರಲ್ಲಿ ಒಬ್ಬ, ತಾಯಲೂರು ಕಡೆಯ ದಲ್ಲಾಳಿ, ಅಪ್ಪನ ಸರೀಕ. ಅವನ ಮನೆಯ ಮಕ್ಕಳೂ ಆ ಧಾರಾವಾಹಿ ನೋಡುತ್ತಿದ್ದರು. ಒಂದು ದಿನ ರಾಶಿಯ ಮುಂದೆ ಜನ ಸೇರಿದ್ದಾಗ ಅವನು ಗಂಟಲಿಗೆ ಬೆರಳು ಒತ್ತಿಕೊಂಡು, ಜುಂಯ್ ಎಂದು, "ಒಕಟೋಸಾರಿ, ರೆಂಡೋಸಾರಿ" ಎಂದನಂತೆ. ಎಲ್ಲರೂ ನಕ್ಕರು. ಅಪ್ಪ ಎದ್ದು ಹೋಗಿ, ಕೈಲಿದ್ದ ಮಿಷನ್ನಿನಿಂದಲೇ ಅವನ ಕೆನ್ನೆಮೂಳೆಗೆ ಹೊಡೆದ. ದಲ್ಲಾಳಿಗೆ ನಾಲ್ಕು ಹೊಲಿಗೆ ಬಿತ್ತು. ಮಿಷನ್ನು ಇಬ್ಭಾಗವಾಯಿತು. ಪೊಲೀಸಿಗೆ ಹೋಗದಂತೆ ಮಂಡಿಯವರು ಸಮಾಧಾನ ಮಾಡಿಸಿದರು.

ಹೊಸ ಮಿಷನ್ನು ಬರಲು ಐದು ವಾರ ಹಿಡಿಯಿತು. ಆ ಐದು ವಾರ ಅಪ್ಪ ಮೂಕ. ನಾನು ಆಗ ಕೆಲಸವಿಲ್ಲದೆ ಮನೆಯಲ್ಲೇ ಇದ್ದೆ. ಅವನು ಅಮ್ಮನಿಗೆ ಕೈಸನ್ನೆ ಮಾಡುತ್ತಿದ್ದ, ಪೇಪರಿನ ಅಂಚಿನಲ್ಲಿ ಬರೆದು ತೋರಿಸುತ್ತಿದ್ದ. ನನಗೆ ಸನ್ನೆಯೂ ಇಲ್ಲ. ನಾನು ಬಡಿಸಿದ ತಟ್ಟೆಯನ್ನು ಅಮ್ಮ ಎತ್ತಿ ಮತ್ತೆ ಅವನ ಮುಂದಿಟ್ಟರೆ ಮಾತ್ರ ಉಣ್ಣುತ್ತಿದ್ದ. ನಾನು ಬಡಿಸುವುದನ್ನು ಬಿಟ್ಟೆ. ಅವನು ಇರುವ ಕೋಣೆಗೆ ಹೋದರೆ ಫ್ಯಾನ್ ಜೋರು ಮಾಡುತ್ತಿದ್ದೆ, ಸದ್ದಿಗೆ. ಅವನು ಎದ್ದು ಆರಿಸುತ್ತಿದ್ದ. ಒಂದೇ ದಿನ ಎಂಟು ಹತ್ತು ಸಲ ಹೀಗಾದದ್ದಿದೆ. ನಲವತ್ತರ ಹತ್ತಿರದ ಹೆಂಗಸು, ಎಪ್ಪತ್ತರ ಹತ್ತಿರದ ಗಂಡಸು.

ಒಂದು ಸಂಜೆ ತಾರಸಿಯ ಮೇಲೆ ಹಪ್ಪಳ ಎತ್ತಿಡಲು ಹೋದಾಗ ಅಪ್ಪ ಅಲ್ಲಿ ಒಬ್ಬನೇ ನಿಂತಿದ್ದ. ಕೆಳಗೆ ಹೋಗಲು ನನ್ನನ್ನು ದಾಟಿಯೇ ಹೋಗಬೇಕಿತ್ತು. ನಾನು ಬಾಗಿಲಿಗೆ ಅಡ್ಡ ನಿಂತೆ.

"ಬೈಯಿ. ಬಾಯಾಗೇ ಬೈಯಿ, ನಂಗೆ ತುಟಿ ಓದೋಕ್ ಬರುತ್ತೆ" ಎಂದೆ.

ಅವನು ನನ್ನ ಕಡೆ ತಿರುಗಿದ. ಆಮೇಲೆ ತುಟಿ ಆಡಿಸಿದ, ಸದ್ದಿಲ್ಲದೆ. ನಾನು ಓದಿದೆ.

"ಕೇಳ್ಬೇಕಿತ್ತು" ಎಂದಿದ್ದ.

"ಕೇಳಿದ್ರೆ ಕೊಡ್ತಿದ್ಯಾ?"

ಇಲ್ಲ ಎಂದು ತಲೆಯಾಡಿಸಿದ. ಮತ್ತೆ ತುಟಿ ಆಡಿತು. "ಆದ್ರೂ ಕೇಳ್ಬೇಕಿತ್ತು."

"ಮಂಡೀಲಿ ನನ್ನ ರಾಶಿ ಪಕ್ಕ ನಿಲ್ಸಿ ಹರಾಜ್ ಹಾಕಿದ್ಯಲ್ಲ, ನನ್ ಕೇಳಿದ್ಯಾ?"

ಅವನು ನನ್ನ ಮುಖವನ್ನೇ ನೋಡಿದ. ಈ ಸಲ ನೆನಪಾಯಿತೆಂದು ನನಗೆ ಅನ್ನಿಸಿತು, ಕಣ್ಣು ಸ್ವಲ್ಪ ಅಲುಗಿತು. ಆದರೆ ತುಟಿ ಹೇಳಿದ್ದು ಬೇರೆ.

"ಅವತ್ತು ನೀನು ಮತ್ತೆ ಒತ್ತಿದೆ. ನನ್ ಕಣ್ಣೆದ್ರಿಗೇ."

"ಒತ್ತಿಲ್ಲ."

"ಒತ್ತಿದೆ."

"ಒತ್ತಿಲ್ಲ ಅಪ್ಪಾ. ಎಷ್ಟ್ ಸಲ ಹೇಳ್ಲಿ?"

ಅವನ ತುಟಿ ಇನ್ನೇನನ್ನೋ ಹೇಳಿತು, ಬೆಳಕು ಇಳಿಯುತ್ತಿದ್ದುದರಿಂದ ಓದಲಾಗಲಿಲ್ಲ. ಕೇಳೋಣವೆನ್ನಿಸಲಿಲ್ಲ. ಪಕ್ಕಕ್ಕೆ ಸರಿದೆ, ಅವನು ಇಳಿದು ಹೋದ. ನಾನು ಹಪ್ಪಳ ಎತ್ತಿದೆ. ಅರ್ಧ ಮುರಿದಿದ್ದವು, ಅಮ್ಮ ಅದಕ್ಕೂ ಬೈದಳು.

ಮೊದಲ ರೆಕಾರ್ಡಿಂಗಿಗೆ ನಾನು ಅವನ ಕ್ಷಮೆ ಕೇಳಬೇಕಿತ್ತು. ಕೇಳಲಿಲ್ಲ. ಮಾಡದ ಎರಡನೆಯದಕ್ಕೆ ಅವನು ನನ್ನನ್ನು ಶಿಕ್ಷಿಸುತ್ತಿರುವವರೆಗೆ, ಮಾಡಿದ ಮೊದಲನೆಯದಕ್ಕೆ ಬಾಯಿ ಬಿಡಬಾರದೆಂದು ನನ್ನ ಹಟ. ಅಮ್ಮ ಇಬ್ಬರಿಗೂ ಹೇಳಿ ಸೋತಳು. "ಇಬ್ರದೂ ಒಂದೇ ನಾಲಿಗೆ. ಅದ್ಕೇ ಹಿಂಗಾಡ್ತೀರಿ" ಎನ್ನುತ್ತಾಳೆ. ಅವಳ ಈ ಮಾತಿಗೆ ಮಾತ್ರ ನಾವಿಬ್ಬರೂ ಒಟ್ಟಿಗೆ ಸಿಟ್ಟಾಗುತ್ತೇವೆ.

ಮಳೆಗಾಲದ ಹೊತ್ತಿಗೆ ನಾನು ಮುಳಬಾಗಿಲಿನಲ್ಲಿ ಒಂದು ಕೋಣೆ ಹಿಡಿದೆ. ಗೋಡೆಗೆ ಹಳೆಯ ಹಾಸಿಗೆಗಳನ್ನು ಬಿಗಿದು ಅಲ್ಲಿಯೇ ಸದ್ದು ಮಾಡುತ್ತೇನೆ, ಇಂಟರ್ನೆಟ್ಟಿನಲ್ಲಿ ಕಳಿಸುತ್ತೇನೆ. ಈ ಮೂರು ವರ್ಷದಲ್ಲಿ ಇನ್ನೂ ನಾಲ್ಕು ರೋಬೋಟ್‌ಗಳು ಬಂದವು. ಒಂದು ಅಡುಗೆ ಮಾಡುವುದು, ಒಂದು ನಾಯಿಯಂಥದ್ದು, ಒಂದು ಕುಡುಕನ ಥರ ತೂರಾಡುವುದು. ನಾಲ್ಕನೆಯದು ಮುದುಕ ರೋಬೋಟ್. ಅದಕ್ಕೆ ಎಂಥ ದನಿ ಬೇಕೆಂದು ನನಗೆ ಮೊದಲ ಕ್ಷಣದಲ್ಲೇ ಗೊತ್ತಾಯಿತು. ಆ ಕೆಲಸವನ್ನು ವಾಪಸು ಕಳಿಸಿದೆ. ಯಾಕೆಂದು ಅವರು ಕೇಳಿದರು, ಹುಷಾರಿಲ್ಲ ಎಂದೆ.

ಅಪ್ಪನ ಹೊಸ ಮಿಷನ್ನು ಬೇರೆ ಕಂಪನಿಯದು. ದನಿ ಹಳೆಯದಕ್ಕಿಂತ ತೆಳ್ಳಗಿದೆ, ಗುಂಡಿ ಟಿಕ್ ಎನ್ನುವುದಿಲ್ಲ. ನನ್ನೆದುರು ಅವನು ಅದನ್ನು ಗಂಟಲಿಗೆ ಒತ್ತುವುದೇ ಇಲ್ಲ, ಇದು ನನಗೆ ಗೊತ್ತಾದದ್ದು ಗೋಡೆಯಾಚೆಯಿಂದ. ಪ್ರತಿ ಎರಡನೇ ಭಾನುವಾರ ಮುಳಬಾಗಿಲಿನಿಂದ ಮನೆಗೆ ಹೋಗುತ್ತೇನೆ. ಕಳೆದ ವಾರ ಗೇಟಿನ ಹತ್ತಿರ ಬರುವಾಗ ಗ್ಯಾಸ್ ಸಿಲಿಂಡರ್ ತಂದವನನ್ನು ಅಪ್ಪ ತರಾಟೆಗೆ ತೆಗೆದುಕೊಳ್ಳುತ್ತಿದ್ದ. ಸಿಲಿಂಡರನ್ನು ಮೆಟ್ಟಿಲ ಮೇಲೆ ಉರುಳಿಸಿ ಟೈಲ್ಸ್ ಒಡೆದನಂತೆ. ತೆಲುಗು ಕನ್ನಡ ಎರಡೂ ಹರಿಯುತ್ತಿತ್ತು. ನಾನು ಗೇಟಿನ ಹೊರಗೆ ಚೀಲ ಹಿಡಿದು ನಿಂತು ಪೂರ್ತಿ ಕೇಳಿದೆ. ಸಿಲಿಂಡರಿನವನು ಹೊರಗೆ ಬಂದಮೇಲೆ ಒಳಗೆ ಹೋದೆ. ಅಪ್ಪ ನನ್ನನ್ನು ನೋಡಿ, ಅಮ್ಮನೊಡನೆ ಆಡುತ್ತಿದ್ದ ಮಾತನ್ನು ಅರ್ಧದಲ್ಲೇ ನಿಲ್ಲಿಸಿ, ಮಿಷನ್ನನ್ನು ಜೇಬಿಗೆ ಹಾಕಿಕೊಂಡು ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡ. ಅಮ್ಮ ಒಡೆದ ಟೈಲ್ಸಿನ ಚೂರು ಗುಡಿಸುತ್ತಾ, "ಕೈಕಾಲ್ ತೊಳ್ಕ, ಊಟಕ್ ಹಾಕ್ತೀನಿ" ಎಂದಳು.